ಮೊದಲು ನಿಲ್ಲಬೇಕು, ಆಮ್ಯಾಲೆ ಓಡಬೇಕು

ಪ್ರತಿ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಹಳೆ ಕಾರಿನ ಫೋಟೋ ಬಂದೇ ಬರುತ್ತದೆ. "ಒಂದು ಲಕ್ಷಕ್ಕ ಕೊಡ್ತಾರಂತ. ನಾಕು ಮಂದಿ ಸೇರಿದ್ರ ತಲಾ ಇಪ್ಪತ್ತೈದು ಸಾವಿರ. ನಡೀರಿ ಗೋವಾಕ್ಕ!" ಹೋದ ವರ್ಷ ಇದೇ ಲೆಕ್ಕ ಹಾಕಿ ನಾವು ನಾಲ್ವರು ಕಾರು ತಗೊಂಡೆವು. ಹಳೆ ಕಾರು ತಗೊಳ್ಳುವುದು ತಪ್ಪು ಅಂತ ಇವತ್ತಿಗೂ ನಮಗನ್ನಿಸಿಲ್ಲ. ಆದರೆ ರಿಪೇರಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಸರದಿ ತಪ್ಪಿದರೆ ಅದು ಬರೀ ರೊಕ್ಕದ ಮಾತಾಗಿ ಉಳಿಯುವುದಿಲ್ಲ.

ಕಾರು ಸಿಕ್ಕಿದ್ದು ಸಾಂಬ್ರಾದಲ್ಲಿ. ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು, 1,05,000 ರೂಪಾಯಿ. ಬೆಳಿಗ್ಗೆ ಏರ್‌ಪೋರ್ಟ್ ಕಡೆಯ ರಸ್ತೆಯಲ್ಲಿ ಮುತಗಾ ತನಕ ಓಡಿಸಿ ನೋಡಿದೆವು. ಎಂಜಿನ್ ಸದ್ದು ಚಂದ ಇತ್ತು, ಎ.ಸಿ. ತಣ್ಣಗಿತ್ತು, ಬ್ರೇಕ್ ಹಿಡಿಯಿತು. ಮತ್ತೇನು ಬೇಕು? ಸಪಾಟ ರಸ್ತೆ, ಕಾರಿನಲ್ಲಿ ಇಬ್ಬರೇ, ಅದೂ ಹತ್ತು ನಿಮಿಷ. ಲ್ಯಾಬಿನಲ್ಲಿ ಲೋಡ್ ಹಾಕದೆ ಮೋಟರ್ ಟೆಸ್ಟ್ ಮಾಡಿ ರಿಪೋರ್ಟ್ ಬರೆದರೆ ಸರ್ ಹರಿದು ಹಾಕ್ತಾರೆ. ನಮ್ಮ ರೊಕ್ಕದ ಕಾರನ್ನು ನಾವು ಹಾಗೇ ಟೆಸ್ಟ್ ಮಾಡಿದ್ದೆವು.

ಮೊದಲ ವಾರವೇ ಸೀಟ್ ಕವರ್ ಮತ್ತು ಮ್ಯೂಸಿಕ್ ಸಿಸ್ಟಮ್ ಹಾಕಿಸಿದೆವು, 6,500. ಆಮೇಲೆ ಕಾರು ತನ್ನ ಲಿಸ್ಟ್ ಕೊಡಲು ಶುರು ಮಾಡಿತು. ಬ್ಯಾಟರಿ 3,600. ಏರಿನಲ್ಲಿ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಮುಂದೆ ಹೋಗಲ್ಲ ಅಂದಾಗ ಕ್ಲಚ್ ಸೆಟ್, ಮಜೂರಿ ಸೇರಿ 5,400. ಮುಂದಿನ ಎರಡು ಟಯರ್ 5,800. ಟ್ರಾಫಿಕ್ಕಿನಲ್ಲಿ ನಿಂತರೆ ಬಿಸಿ ಏರುತ್ತಿತ್ತು, ರೇಡಿಯೇಟರ್, ಪೈಪು, ಥರ್ಮೋಸ್ಟ್ಯಾಟ್, ಕೂಲಂಟ್ ಸೇರಿ 4,300. ಮುಂದಿನ ಶಾಕಬ್ಸರ್ ಮತ್ತು ಬುಶ್ 6,200. ಗ್ಯಾರೇಜಿನ ಕಾಕಾ ಎರಡು ಸಲ ಹೇಳಿದ್ದರು, "ತಮ್ಮಾ, ಬ್ರೇಕ್ ಒಮ್ಮೆ ಬಿಚ್ಚಿ ನೋಡೂಣ." ನಾವು "ಹಿಡೀತೈತಲ್ರಿ ಕಾಕಾ, ಮುಂದಿನ ತಿಂಗಳ ನೋಡೂಣ" ಅಂದೆವು.

ಆ ಮುಂದಿನ ತಿಂಗಳು ನಾವು ಚೋರ್ಲಾ ಘಾಟಿನಲ್ಲಿದ್ದೆವು. ಜಾಂಬೋಟಿ, ಕಣಕುಂಬಿ ದಾಟಿ ಇಳಿಜಾರು ಶುರುವಾದಾಗ ಪೆಟ್ರೋಲ್ ಉಳಿಸುವ ಜಾಣತನದಿಂದ ನ್ಯೂಟ್ರಲ್‌ಗೆ ಹಾಕಿ ಬರೀ ಬ್ರೇಕಿನ ಮೇಲೆ ಇಳಿದೆವು. ಅರ್ಧ ದಾರಿಗೆ ಸುಟ್ಟ ವಾಸನೆ ಬಂತು. ಒಂದು ತಿರುವಿನ ಹಿಂದೆ ಪೆಡಲ್ ನೆಲಕ್ಕೆ ಹೋಗಿ ಕೂತಿತು. ಹ್ಯಾಂಡ್‌ಬ್ರೇಕ್ ಎಳೆದು, ಹೆಂಗೋ ಸೆಕೆಂಡ್ ಗೇರಿಗೆ ಹಾಕಿ, ಗುಡ್ಡದ ಕಡೆಯ ಮಣ್ಣಿಗೆ ಕಾರು ತಿಕ್ಕಿಸಿ ನಿಲ್ಲಿಸಿದೆವು. ಯಾರಿಗೂ ಏನೂ ಆಗಲಿಲ್ಲ. ರಸ್ತೆಯ ಇನ್ನೊಂದು ಕಡೆ ಕಣಿವೆ ಇತ್ತು. ಅರ್ಧ ತಾಸಿನ ನಂತರ ಪೆಡಲ್ ತಾನಾಗಿ ಗಟ್ಟಿಯಾಯಿತು. ಗೋವಾ ಬಿಟ್ಟು ಫಸ್ಟ್ ಗೇರಿನಲ್ಲಿ ವಾಪಸ್ ಹತ್ತಿ ಬಂದೆವು.

ಕಾಕಾ ಬ್ರೇಕ್ ಆಯಿಲ್ ಡಬ್ಬಿ ತೆಗೆದು ತೋರಿಸಿದರು. "ಚಹಾ ಆಗೇತಿ ನೋಡ್ರಿ." ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಕುದ್ದರೆ ಆವಿ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ, ಆವಿಯನ್ನು ಒತ್ತಿದರೆ ಆವಿಯೇ ಕುಗ್ಗುತ್ತದೆ. ತಣ್ಣಗಾದಾಗ ಆವಿ ಮತ್ತೆ ದ್ರವ, ಪೆಡಲ್ ಮತ್ತೆ ಗಟ್ಟಿ. ನಾಲ್ವರು ಕೂತ ಕಾರು ಒಂದು ಟನ್ ಅಂತ ಹಿಡಿದು 600 ಮೀಟರ್ ಇಳಿಸಿ ನೋಡಿ: ಸುಮಾರು 59 ಲಕ್ಷ ಜೂಲ್. 20 ಡಿಗ್ರಿಯ 17 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ಒಯ್ಯುವಷ್ಟು ಶಾಖ. ಗೇರಿನಲ್ಲಿ ಇಳಿದಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತಿತ್ತು.

ಈ ಲೆಕ್ಕ ನಮಗೆ ಬರುತ್ತಿತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೇವೆ. ಆದರೆ ಹಳೆ ಬ್ರೇಕ್ ಆಯಿಲ್ ಯಾವ ಬಣ್ಣ ಇರುತ್ತದೆ ಅಂತ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಕೆಂಪು, ನೀಲಿ ಬಣ್ಣ ಹಚ್ಚಿದ ಅರ್ಧ ಕೊಯ್ದ ಎಂಜಿನ್ ಇದೆ. ಅದರ ಪಕ್ಕ ಓಡುವ ಒಂದು ಹಳೆ ಕಾರು ನಿಲ್ಲಿಸಿ, ಬ್ರೇಕ್ ಬಿಚ್ಚಿ ಜೋಡಿಸುವುದನ್ನು ಪ್ರತಿ ಬ್ಯಾಚಿಗೂ ಕಲಿಸಬೇಕು ಅನ್ನೋದು ನಮ್ಮ ಒತ್ತಾಯ. ಫೌಂಡ್ರಿಗಳ ಊರಲ್ಲಿ ಓದುವ ನಮಗೆ ಇದು ದೊಡ್ಡ ಬೇಡಿಕೆ ಅಲ್ಲ.

"ಬ್ರೇಕ್ ನೋಡೂದು ಮಿಸ್ತ್ರಿ ಕೆಲಸ, ನಮ್ದಲ್ಲ" ಅಂತ ಕೆಲವರು ಅಂತಾರೆ. ಒಪ್ಪೋಣ. ಆದರೆ ಮಿಸ್ತ್ರಿ ಹೇಳಿದಾಗ ರೊಕ್ಕ ಯಾವುದಕ್ಕೆ ಕೊಡಬೇಕು ಅಂತ ತೀರ್ಮಾನಿಸುವವರು ನಾವೇ. ಪ್ಯಾಡು, ಲೈನರು, ಹಿಂದಿನ ಎರಡು ವೀಲ್ ಸಿಲಿಂಡರ್, ಆಯಿಲ್, ಮಜೂರಿ ಎಲ್ಲಾ ಸೇರಿ ಕಡೆಗೆ ಬಂದ ಬಿಲ್ 3,900. ಸೀಟ್ ಕವರ್ ಮತ್ತು ಹಾಡಿಗೆ ಕೊಟ್ಟಿದ್ದಕ್ಕಿಂತ 2,600 ಕಡಿಮೆ.

ವರ್ಷದ ಒಟ್ಟು ಖರ್ಚು 35,700, ಕಾರಿನ ಬೆಲೆಯ ಮೂರನೇ ಒಂದು ಭಾಗ. ಆದ್ದರಿಂದ ಕೈಯಲ್ಲಿ ಒಂದು ಲಕ್ಷ ಇದ್ದರೆ 75,000ದ ಕಾರು ನೋಡಿ, ಉಳಿದದ್ದನ್ನು ಮುಟ್ಟಬೇಡಿ. ಮೊದಲು ಬ್ರೇಕು, ಟಯರು. ಆಮೇಲೆ ಕೂಲಿಂಗ್. ಆಮೇಲೆ ಕ್ಲಚ್, ಶಾಕಬ್ಸರ್. ಹಾಡು ಕಡೆಗೆ. ನೋಡಲು ಹೋದಾಗ ಎಂಜಿನ್ ಚಾಲೂ ಇಟ್ಟು ಬ್ರೇಕ್ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡೀರಿ, ನಿಧಾನ ಕೆಳಗಿಳಿದರೆ ಕೈ ಮುಗಿದು ಬರ್ರಿ. ಚಕ್ರದ ಒಳಮೈ ಒದ್ದೆ ಇದೆಯಾ ನೋಡ್ರಿ. ನಾಲ್ವರೂ ಕೂತು ಏರು ಹತ್ತಿಸಿ ನೋಡ್ರಿ. ಬಿಡಿಭಾಗ ಸಿಗುತ್ತವಾ ಕೇಳ್ರಿ: ಮಾರುತಿ 800 ತಯಾರಿಕೆ 2014ರಲ್ಲಿ ನಿಂತರೂ ಅದರ ಸಾಮಾನು ಸಣ್ಣ ಊರಲ್ಲೂ ಸಿಗುತ್ತದೆ, 2017ರ ಕೊನೆಗೆ ಭಾರತದ ಮಾರುಕಟ್ಟೆ ಬಿಟ್ಟ ಶೆವರ್ಲೆಯಂಥ ಕಾರಿಗೆ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕಾರಿಗೆ 15 ವರ್ಷ ಹತ್ತಿರವಾಗಿದ್ದರೆ ಇನ್ನೊಂದು ಖರ್ಚೂ ಇದೆ, ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು.

ಈ ಸೆಮಿಸ್ಟರ್ ಮುಗಿದರೆ ನಾವು ನಾಲ್ವರೂ ನಾಲ್ಕು ಊರಿಗೆ. ಕಾರು ಮಾರಬೇಕು. ಚೋರ್ಲಾದ ಕಥೆ ಹೇಳಬೇಕಾ, ಬೇಡವಾ ಅಂತ ನಮ್ಮಲ್ಲೇ ಜಗಳ ಆಯಿತು. ಹೇಳಿದರೆ ಐದು ಸಾವಿರ ಕಡಿಮೆ ಕೇಳ್ತಾರೆ ಅಂತ ಒಬ್ಬನ ವಾದ. ಕಡೆಗೆ ಒಪ್ಪಿದೆವು: ಖರ್ಚಿನ ವಹಿ ಕಾರಿನ ಜೊತೆಗೇ ಹೋಗುತ್ತದೆ, ಘಾಟಿನ ಪುಟವೂ ಸೇರಿ. ಮುಂದಿನ ವಾರ ಗುಂಪಿನಲ್ಲಿ ಫೋಟೋ ಹಾಕ್ತೀವಿ. ತಗೊಳ್ಳುವವರು ಮೊದಲು ವಹಿ ಓದಿ, ಆಮೇಲೆ ಚೌಕಾಸಿ ಮಾಡಿರಿ.