ತುಟಿಗೆ ಫಿಲ್ಲರ್, ತೋಳಿಗೆ ಲಸಿಕೆ: ಯಾವುದು ಮೊದಲು?

ಹೋದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಕ್ಲಾಸ್‌ಮೇಟ್ ಒಬ್ಬನ ಅಕ್ಕನ ಮದುವೆ ಇತ್ತು, ತುರುವೇಕೆರೆ ಹತ್ತಿರದ ಹಳ್ಳಿಯಲ್ಲಿ. ಮದುವೆಗೆ ಮೂರು ವಾರ ಇರುವಾಗ ತೋಟದ ದಾರಿಯಲ್ಲಿ ಬೀದಿ ನಾಯಿಯೊಂದು ಅಕ್ಕನ ಕಾಲಿಗೆ ಕಚ್ಚಿತು. ಅದೇ ವಾರ ತುಟಿಗೆ ಫಿಲ್ಲರ್ ಹಾಕಿಸೋಕೆ ಅವರು ಪಾರ್ಲರ್ ಒಂದರಲ್ಲಿ ಬುಕ್ ಮಾಡಿದ್ದರು. ಮನೆಯಲ್ಲಿ ತಮ್ಮನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಿದರೆ ಪಾರ್ಲರ್‌ನವರು, "ವ್ಯಾಕ್ಸಿನ್ ತಗೊಂಡ್ರೆ ತುಟಿ ಊದುತ್ತೆ ಮೇಡಂ, ನಾಯಿ ಇಂಜೆಕ್ಷನ್ ಮದುವೆ ಆದ್ಮೇಲೆ ತಗೊಳ್ಳಿ" ಅಂದರಂತೆ.

ಇದನ್ನ ಕೇಳಿ ನಮಗೆ ಎದೆ ಧಸಕ್ ಅಂತು. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲ ಅಂತಲೇ ಹೇಳಬೇಕು. ಪುಣ್ಯಕ್ಕೆ ನಮ್ಮ ಗೆಳೆಯ ಅಮ್ಮನ ಹತ್ರ ಬಾಯಿಬಿಟ್ಟ. ಗಾಯವನ್ನ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ಸಂಜೆ ಸರ್ಕಾರಿ ಆಸ್ಪತ್ರೆಗೆ ಹೋದರು. ಕಚ್ಚಿದ ದಿನ, ಆಮೇಲೆ 3, 7, 28ನೇ ದಿನ ಅಂತ ಚೀಟಿ ಬರೆದುಕೊಟ್ಟರು. ಫಿಲ್ಲರ್ ಕ್ಯಾನ್ಸಲ್ ಆಯ್ತು, ಅಡ್ವಾನ್ಸ್ ಕೊಟ್ಟ ದುಡ್ಡೂ ಹೋಯ್ತು.

ಆದರೆ ತುಟಿ ಊದುತ್ತೆ ಅಂದಿದ್ದು ಪೂರ್ತಿ ಸುಳ್ಳಲ್ಲ, ಅದೇ ಇಲ್ಲಿ ತೊಡಕು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಮುಂದೆ ಮಾಡರ್ನಾ ಕೋವಿಡ್ ಲಸಿಕೆಯ ವರದಿ ಬಂದಾಗ, ಸುಮಾರು 30,000 ಜನರ ಪ್ರಯೋಗದಲ್ಲಿ ಫಿಲ್ಲರ್ ಹಾಕಿಸಿಕೊಂಡಿದ್ದ ಮೂವರಿಗೆ ಮುಖ ಅಥವಾ ತುಟಿ ಊದಿದ್ದು ದಾಖಲಾಗಿತ್ತು. ಅವರಲ್ಲಿ ಒಬ್ಬರು ಎರಡೇ ವಾರದ ಹಿಂದೆ ಹಾಕಿಸಿದ್ದರು, ಇನ್ನೊಬ್ಬರು ಆರು ತಿಂಗಳ ಹಿಂದೆ. ಮೂವರಿಗೂ ವಾಸಿಯಾಯ್ತು. ನಮ್ಮೂರುಗಳಲ್ಲಿ ಹಾಕಿದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್, ಮಾಡರ್ನಾ ಅಲ್ಲ ಅನ್ನೋದೂ ನೆನಪಿರಲಿ. ಫಿಲ್ಲರ್‌ನಲ್ಲಿ ಸಾಮಾನ್ಯವಾಗಿ ಇರೋದು ಹೈಯಲುರೋನಿಕ್ ಆಸಿಡ್ ಜೆಲ್. ಲಸಿಕೆಯಿಂದ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತಾಗ, ಸುಮ್ಮನೆ ಕೂತಿದ್ದ ಆ ಜೆಲ್ ಮೇಲೂ ಅದರ ಕಣ್ಣು ಬೀಳಬಹುದು. ಫ್ಲೂ ಜ್ವರ ಬಂದಾಗಲೂ, ಹಲ್ಲಿನ ಸೋಂಕಾದಾಗಲೂ ಹೀಗಾಗಿದ್ದಿದೆ.

ಅದಕ್ಕೇ ಎರಡರ ಮಧ್ಯೆ ಎರಡರಿಂದ ನಾಲ್ಕು ವಾರ ಬಿಡಿ ಅಂತ ಅನೇಕ ಚರ್ಮವೈದ್ಯರು ಹೇಳುತ್ತಾರೆ. ಇದು ಮುನ್ನೆಚ್ಚರಿಕೆ ಅಷ್ಟೆ, ಲಕ್ಷ್ಮಣರೇಖೆ ಏನಲ್ಲ. ಫ್ಲೂ, ಎಚ್‌ಪಿವಿ ತರಹದ, ಮೊದಲೇ ದಿನ ಗೊತ್ತಿರುವ ಲಸಿಕೆಗೆ ಈ ಲೆಕ್ಕ ಹಾಕಬಹುದು. ನಾಯಿ ಕಚ್ಚಿದಾಗ, ಕಾಯಿ ಸುಲಿಯುವಾಗ ಕೈಗೆ ಮಚ್ಚು ತಾಗಿ ಟಿಟಿ ಬೇಕಾದಾಗ ಯಾವ ಲೆಕ್ಕವೂ ಇಲ್ಲ. ಲಸಿಕೆ ಅವತ್ತೇ. ಮುಂದಕ್ಕೆ ಹೋಗಬೇಕಾದ್ದು ಫಿಲ್ಲರ್. ಈಗಾಗಲೇ ಫಿಲ್ಲರ್ ಇದ್ದರೂ ಲಸಿಕೆ ಬಿಡಬೇಕಾಗಿಲ್ಲ, ಡಾಕ್ಟರಿಗೆ ಹೇಳಿ ತಗೊಂಡರೆ ಸಾಕು. ಊದಿದರೆ ಮತ್ತೆ ಅವರ ಹತ್ರವೇ ಹೋಗಿ. ಉಸಿರಾಟಕ್ಕೆ ತೊಂದರೆ ಆದರೆ ಸೀದಾ ಎಮರ್ಜೆನ್ಸಿಗೆ.

ಹೇಳಿ ಅಂತ ಬರೆಯೋದು ಸುಲಭ. ಹೇಳೋಕೆ ನಾವು ಬಿಡಬೇಕಲ್ಲ! ನಮ್ಮ ಕ್ಲಾಸ್ ಗ್ರೂಪಿನಲ್ಲಿ ತುಟಿ ದಪ್ಪ ಮಾಡಿಸ್ಕೊಂಡ ನಟಿಯರ ಮೀಮ್ ಎಷ್ಟು ಓಡಾಡಿವೆ ಅಂತ ನಮಗೇ ಗೊತ್ತು. ನಾವೂ ನಕ್ಕಿದ್ದೀವಿ. ಆ ನಗೆಗೆ ಹೆದರಿಯೇ ಅಕ್ಕ ಮನೆಯಲ್ಲಿ ಮುಚ್ಚಿಟ್ಟಿದ್ದು, ಡಾಕ್ಟರ್ ಬದಲು ಪಾರ್ಲರ್‌ನವರನ್ನ ಕೇಳಿದ್ದು. ಫಿಲ್ಲರ್ ಬೇಕೋ ಬೇಡವೋ ಅವರವರ ಇಷ್ಟ. ಹಾಕಿಸೋದಾದರೆ ಚರ್ಮವೈದ್ಯರೋ ಪ್ಲಾಸ್ಟಿಕ್ ಸರ್ಜನ್ನೋ ಹಾಕಬೇಕು. ಸೂಜಿ ತಪ್ಪಿ ಜೆಲ್ ರಕ್ತನಾಳಕ್ಕೆ ಹೋದರೆ ಕಣ್ಣೇ ಹೋಗಬಹುದು, ಆಗ ಪಾರ್ಲರ್‌ನವರು ಏನು ಮಾಡುತ್ತಾರೆ? ಬ್ರೈಡಲ್ ಪ್ಯಾಕೇಜಿನಲ್ಲಿ ಮೆಹೆಂದಿ ಜೊತೆ ಇಂಜೆಕ್ಷನ್ ಸೇರಿಸಿ ಮಾರೋದನ್ನ ಆರೋಗ್ಯ ಇಲಾಖೆ ನಿಲ್ಲಿಸಬೇಕು ಅನ್ನೋದು ನಮ್ಮ ಅಭಿಪ್ರಾಯ.

ಮದುವೆ ತಿಪಟೂರಿನ ಛತ್ರದಲ್ಲಿ ಚೆನ್ನಾಗೇ ಆಯ್ತು. ನಾವು ಏಳು ಜನ ಹೋಗಿ ಎರಡು ಪಂಕ್ತಿ ಊಟ ಬಡಿಸಿ ಬಂದೆವು. ಅದಾದ ಮುಂದಿನ ವಾರ ಅಕ್ಕ ಭಾವನ ಜೊತೆ ಬೈಕಿನಲ್ಲಿ ಬಂದು 28ನೇ ದಿನದ ಡೋಸ್ ತಗೊಂಡು ಹೋದರು.