ಗುರುಗಳನ್ನು ಹೊಗಳಿದ್ದು ಸಾಕು, ಅವರು ಕಲಿಸಿದ್ದನ್ನು ಹೇಳಿ!

ಬಿಳಿಕೆರೆ ಅಂದ್ರೆ ನಿಮ್ಮಲ್ಲಿ ಬಹಳ ಜನಕ್ಕೆ ಬಸ್ಸಿನ ಕಿಟಕಿಯಿಂದ ಕಂಡ ಊರು. ಮೈಸೂರಿಂದ ಹುಣಸೂರು, ಮಡಿಕೇರಿ ಕಡೆ ಹೋಗೋರು ನೇರ ಹೋಗ್ತಾರೆ. ಕೆ.ಆರ್. ನಗರ, ಹಾಸನದ ಕಡೆಯವರು ಇಲ್ಲಿ ಬಲಕ್ಕೆ ತಿರುಗ್ತಾರೆ. ಇಳಿಯೋರು ನಮ್ಮಂಥವರು ಮಾತ್ರ. ನಮ್ಮದು ಇದೇ ಹೋಬಳಿಯ ಒಂದು ಸಣ್ಣ ಹಳ್ಳಿ. ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ, ಈಚೆಗೆ ಶುಂಠಿ.

2022ರಲ್ಲಿ ನಮ್ಮೂರಿಗೆ ಕೃಷಿ ಕಾಲೇಜಿನ ಹುಡುಗ ಹುಡುಗಿಯರ ಒಂದು ತಂಡ ಬಂದಿತ್ತು. ಬಿ.ಎಸ್ಸಿ ಅಗ್ರಿ ಕೊನೇ ವರ್ಷದಲ್ಲಿ ಅವರು ಕೆಲವು ತಿಂಗಳು ಹಳ್ಳೀಲಿ ಇದ್ದು ಕಲೀಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹೆಸರು (ಹುಡುಗರ ಬಾಯಲ್ಲಿ ಅದು 'ರಾವೆ'). ಯಾವ ಕಾಲೇಜು ಅಂತ ಇಲ್ಲಿ ಹೇಳೋಲ್ಲ. ಒಂದು ಕಾಲೇಜಿನ ಮೇಲೆ ದೂರು ಹೇಳೋದಕ್ಕೆ ನಾನು ಇದನ್ನ ಬರೀತಿಲ್ಲ.

ಡಿಸೆಂಬರಿನಲ್ಲಿ ಅವರ ಸಮಾರೋಪ. ಶಾಲೆ ಮುಂದೆ ಶಾಮಿಯಾನ, ಫ್ಲೆಕ್ಸು, ಮೈಕು. ನಾನೂ ಊರಲ್ಲಿದ್ದೆ, ಹೋಗಿ ಕೂತೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ನಾಲ್ಕು ವರ್ಷದ ಕಾಲೇಜು ಜೀವನದ ಅನಿಸಿಕೆ ಹೇಳಿದ್ರು. 'ನಮ್ಮ ಸರ್ ನಮಗೆ ತಂದೆ ಸಮಾನ', 'ಮೇಡಂ ನಮ್ಮನ್ನು ಮಕ್ಕಳ ಥರ ನೋಡಿಕೊಂಡ್ರು', 'ತಪ್ಪು ಮಾಡಿದಾಗ ತಿದ್ದಿದ್ರು, ಎಡವಿದಾಗ ಎತ್ತಿದ್ರು', 'ಹಾಸ್ಟೆಲ್ ದಿನಗಳನ್ನ ಮರೆಯೋಕಾಗಲ್ಲ'. ಇಬ್ಬರು ಅತ್ತರು. ಮೇಷ್ಟ್ರ ಕಣ್ಣೂ ಒದ್ದೆಯಾಯ್ತು. ಶಾಲು, ಹಾರ, ನೆನಪಿನ ಕಾಣಿಕೆ. ಆಮೇಲೆ ಪಲಾವು, ಮೊಸರನ್ನ.

ಆ ಅಳು ನಾಟಕ ಅಂತ ನಾನು ಖಂಡಿತ ಹೇಳ್ತಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಬೀಳ್ಕೊಡುಗೆಯಲ್ಲಿ ನಾನೂ ಹೀಗೇ ಮಾತಾಡಿದ್ದೆ. ಆದರೆ ಅವತ್ತು ಹತ್ತಾರು ಜನ ಮಾತಾಡಿದ್ದನ್ನ ಕೇಳಿ ಮುಗಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಈ ಭಾಷಣಗಳಲ್ಲಿ ಒಂದೇ ಒಂದು ಗಿಡ ಇರಲಿಲ್ಲ. ಒಂದು ಹುಳ, ಒಂದು ರೋಗ, ಒಂದು ಹಿಡಿ ಮಣ್ಣು ಇರಲಿಲ್ಲ. ಯಾವ ರೈತನ ಹೆಸರೂ ಇರಲಿಲ್ಲ. 'ಕೃಷಿ' ಅನ್ನೋ ಪದ ತೆಗೆದು 'ನರ್ಸಿಂಗ್' ಅಂತಲೋ 'ಪಾಲಿಟೆಕ್ನಿಕ್' ಅಂತಲೋ ಹಾಕಿದ್ರೆ ಭಾಷಣ ಹಾಗೇ ನಡೀತಿತ್ತು!

ನನಗೆ ಯಾಕೆ ಇಷ್ಟು ಸಿಟ್ಟು ಬಂತು ಅನ್ನೋದಕ್ಕೆ ಕಾರಣ ಇದೆ. ಅದೇ ವೇದಿಕೆ ಮೇಲೆ 'ಎಡವಿದಾಗ ಎತ್ತಿದ್ರು' ಅಂದ ಒಬ್ಬ ಹುಡುಗಿ, ಎರಡು ತಿಂಗಳ ಹಿಂದೆ ನನ್ನ ಕಣ್ಣೆದುರಿಗೇ ತನ್ನ ಮೇಡಂಗೆ ನಿಜವಾದ ಗುರುದಕ್ಷಿಣೆ ಕೊಟ್ಟಿದ್ದಳು.

ದಸರಾ ರಜಕ್ಕೆ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಮುಕ್ಕಾಲು ಎಕರೆ ಶುಂಠಿ ಒಂದು ಮೂಲೆಯಿಂದ ಬಾಡ್ತಾ ಬರ್ತಿತ್ತು. ಶುಂಠಿಗೆ ಬರೋ ಕೊಳೆ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಭಯ. ಅಂಗಡಿಯವನು ಕೊಟ್ಟ ಶಿಲೀಂಧ್ರನಾಶಕವನ್ನ ಚಿಕ್ಕಪ್ಪ ಆಗಲೇ ಮೂರು ಸಲ ಬುಡಕ್ಕೆ ಸುರಿದಿದ್ದ. ನಾಲ್ಕನೇ ಸಲಕ್ಕೆ ಸಾಲದ ಚೀಟಿ ಬರೆಸಿಕೊಂಡು ಬಂದಿದ್ದ. ಆ ಹುಡುಗಿ, ಜೊತೆಗೆ ಇನ್ನಿಬ್ಬರು ಹುಡುಗರು, ಗದ್ದೆ ನೋಡೋಕೆ ಬಂದ್ರು. ಹುಡುಗರು ಪುಸ್ತಕ ತೆಗೆದು ಬರೆದುಕೊಳ್ತಾ ನಿಂತ್ರು. ಇವಳು ಬಗ್ಗಿ ಒಂದು ಗಿಡ ಎಳೆದು ಕಾಂಡದ ಬುಡದಲ್ಲಿ ಎರಡು ಇಂಚು ಕತ್ತರಿಸಿದಳು. "ಅಣ್ಣಾ, ಒಂದು ಗಾಜಿನ ಲೋಟದಲ್ಲಿ ತಿಳಿ ನೀರು ಸಿಗುತ್ತಾ?" ಅಂತ ಕೇಳಿದಳು. ನಾನು ಮನೆಯಿಂದ ತಂದುಕೊಟ್ಟೆ. ಕಾಂಡದ ತುಂಡನ್ನ ನೀರಿಗೆ ಅರ್ಧ ಮುಳುಗಿಸಿ ಅಲ್ಲಾಡಿಸದೆ ಹಿಡಿದಳು. ಒಂದೆರಡು ನಿಮಿಷ. ಕತ್ತರಿಸಿದ ಜಾಗದಿಂದ ಬಿಳೀ ದಾರದ ಹಾಗೆ ಏನೋ ನೀರೊಳಗೆ ಇಳಿಯತೊಡಗಿತು, ಹಾಲು ಹನಿಸಿದ ಥರ.

"ಇದು ಶಿಲೀಂಧ್ರ ಅಲ್ಲ ಅಂಕಲ್, ಬ್ಯಾಕ್ಟೀರಿಯಾ. ದುಂಡಾಣು ಸೊರಗು ರೋಗ. ನೀವು ಹಾಕ್ತಿರೋ ಔಷಧ ಇದಕ್ಕೆ ಕೆಲಸ ಮಾಡಲ್ಲ. ಇನ್ನು ಸುರೀಬೇಡಿ. ಬಾಡಿದ್ದನ್ನ ಕಿತ್ತು ಹೊರಗೆ ಹಾಕಿ, ಇಲ್ಲಿಂದ ಆಚೆ ಪಟ್ಟೆಗಳಿಗೆ ನೀರು ಹರಿಯೋಕೆ ಬಿಡಬೇಡಿ. ಮುಂದೆ ಒಂದಷ್ಟು ವರ್ಷ ಈ ಜಾಗಕ್ಕೆ ಶುಂಠಿ ಬೇಡ, ಟೊಮೆಟೊ, ಮೆಣಸಿನಕಾಯೀನೂ ಬೇಡ. ರಾಗಿ, ಜೋಳ ಹಾಕಿ."

ನಿನಗೆ ಇದು ಹೆಂಗೆ ಗೊತ್ತಮ್ಮಾ ಅಂತ ಚಿಕ್ಕಪ್ಪ ಕೇಳಿದ. "ನಮ್ ಮೇಡಂ ತೋರಿಸಿಕೊಟ್ಟಿದ್ರು. ಕ್ಲಾಸಲ್ಲಿ ಅಲ್ಲ, ಒಂದು ಗದ್ದೇಲಿ ನಿಲ್ಲಿಸಿ ನಮ್ಮ ಕೈಲೇ ಮಾಡಿಸಿದ್ರು."

ಅಷ್ಟೇ! ನಾಲ್ಕನೇ ಸಲದ ಔಷಧದ ಡಬ್ಬ ಅಂಗಡಿಗೆ ವಾಪಸ್ ಹೋಯ್ತು. ಒಬ್ಬ ಮೇಡಂ ಎಲ್ಲೋ ಒಂದು ಗದ್ದೆಯಲ್ಲಿ ನಿಂತು ಕಲಿಸಿದ್ದು, ಅವರು ಮುಖವನ್ನೇ ನೋಡಿಲ್ಲದ ನಮ್ಮ ಚಿಕ್ಕಪ್ಪನ ದುಡ್ಡು ಉಳಿಸಿತು. ಗುರುಗಳ ಬಗ್ಗೆ ಹೇಳೋಕೆ ಇದಕ್ಕಿಂತ ದೊಡ್ಡ ಮಾತು ಯಾವುದಿದೆ? ಆದರೆ ಡಿಸೆಂಬರಿನಲ್ಲಿ ಮೈಕ್ ಸಿಕ್ಕಾಗ ಆ ಹುಡುಗಿ ಹೇಳಿದ್ದು 'ತಾಯಿ ಸಮಾನ'. ಲೋಟದ ಮಾತಿಲ್ಲ, ಶುಂಠಿ ಮಾತಿಲ್ಲ. ಆ ಮೇಡಂ ಎದುರಿಗೇ ಕೂತಿದ್ರು. ತಾನು ಕಲಿಸಿದ್ದು ಬಿಳಿಕೆರೆ ಹೋಬಳಿಯ ಒಂದು ಹೊಲ ಮುಟ್ಟಿದೆ ಅನ್ನೋದು ಅವರಿಗೆ ಗೊತ್ತಾಗಲೇ ಇಲ್ಲ!

ತಪ್ಪು ಆ ಹುಡುಗಿಯದ್ದಲ್ಲ. ಸ್ಕೂಲಿನಿಂದಲೂ ನಾವು ಮಕ್ಕಳಿಗೆ ಕಲಿಸಿರೋದೇ ಹೀಗೆ. ಗುರು ಅಂದ್ರೆ ದೇವರು, ಕಾಲಿಗೆ ಬೀಳು, ಹೊಗಳು, ಮುಂದೆ ಹೋಗು. ದೇವರಿಗೆ 'ನೀನು ನನಗೆ ಏನು ಕಲಿಸಿದೆ' ಅಂತ ಲೆಕ್ಕ ಒಪ್ಪಿಸಬೇಕಿಲ್ಲವಲ್ಲ. ಮೇಷ್ಟ್ರನ್ನ ದೇವರ ಪೀಠಕ್ಕೆ ಏರಿಸಿದ ಕ್ಷಣ ಒಳ್ಳೇ ಮೇಷ್ಟ್ರಿಗೂ ಕೆಟ್ಟ ಮೇಷ್ಟ್ರಿಗೂ ವ್ಯತ್ಯಾಸ ಅಳಿಸಿ ಹೋಗುತ್ತೆ. ಗದ್ದೆಯಲ್ಲಿ ನಿಲ್ಲಿಸಿ ಕಲಿಸಿದವರಿಗೂ ಅದೇ ಶಾಲು, ಹಳೇ ನೋಟ್ಸ್ ಓದಿ ಹೇಳಿದವರಿಗೂ ಅದೇ ಶಾಲು. ಇದು ಒಳ್ಳೆಯವರಿಗೆ ಮಾಡೋ ಅನ್ಯಾಯ ಅಂತ ನನ್ನ ವಾದ.

ಕೃಷಿ ಶಿಕ್ಷಣಕ್ಕೆ ಈ ಮಾತು ಬೇರೆ ಎಲ್ಲಕ್ಕಿಂತ ಹೆಚ್ಚು ಅನ್ವಯಿಸುತ್ತೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ ಶುರುವಾದಾಗ ಅದರ ಹಿಂದಿದ್ದ ಕಲ್ಪನೆ ಏನು? ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು. ಪಾಠ ಮಾಡೋ ಮೇಷ್ಟ್ರೇ ಪ್ರಯೋಗ ಮಾಡಬೇಕು, ಅದು ರೈತನಿಗೆ ತಲುಪಬೇಕು, ರೈತನ ಪ್ರಶ್ನೆ ಮತ್ತೆ ಕ್ಲಾಸಿಗೆ ಬರಬೇಕು. ಇದಕ್ಕೂ ಹಿಂದೆ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್‌ರನ್ನ ನೆನಪಿಸಿಕೊಳ್ಳಿ. ಹೆಬ್ಬಾಳದ ಕೃಷಿ ಶಾಲೆ ಅವರ ಕಾಲದ್ದು, 1913ರದ್ದು. ಆದರೆ ಮಲೆನಾಡಿನವರು ಅವರ ಹೆಸರು ಹೇಳೋದು ಶಾಲೆ ಕಟ್ಟಿದ್ದಕ್ಕಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನ ತೋಟಕ್ಕೆ ತಂದಿದ್ದಕ್ಕೆ.

ಇನ್ನೊಂದು ಹೆಸರು ನಮ್ಮ ಪಕ್ಕದ ಮಂಡ್ಯದ್ದು. ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನ ಕೊಟ್ಟ ಲಕ್ಷ್ಮಣಯ್ಯನವರು. ಜನ ಅವರನ್ನ 'ರಾಗಿ ಲಕ್ಷ್ಮಣಯ್ಯ' ಅಂತಲೇ ಕರೆದ್ರು. ನೋಡಿ, ಜನ ಕೊಟ್ಟ ಬಿರುದು ಹೇಗಿದೆ! 'ತಂದೆ ಸಮಾನ' ಅಲ್ಲ, 'ಪೂಜ್ಯ' ಅಲ್ಲ. ರಾಗಿ. ಅವರು ಮಾಡಿದ ಕೆಲಸದ ಹೆಸರನ್ನೇ ಅವರ ಹೆಸರಿಗೆ ಕಟ್ಟಿದ್ರು. ರೈತರಿಗೆ ಗುರುವಂದನೆ ಹೇಗೆ ಮಾಡಬೇಕು ಅಂತ ಗೊತ್ತಿದೆ. ಓದಿದ ನಮಗೇ ಗೊತ್ತಿಲ್ಲ.

ಈಗ ಕಥೆಯ ಎರಡನೇ ಭಾಗ, ಇದು ಖುಷಿಯದ್ದಲ್ಲ. 2023ರಲ್ಲಿ ಶುಂಠಿ ಬೆಲೆ ಏರಿದ್ದು ನಿಮಗೆ ನೆನಪಿರಬಹುದು. ಚಿಕ್ಕಪ್ಪ ಆ ಹುಡುಗಿ ಹೇಳಿದ ಹಾಗೆ ಹಳೇ ಜಾಗಕ್ಕೆ ರಾಗಿ ಹಾಕಿದ, ಶುಂಠಿಯನ್ನ ಆಚೆ ಹೊಲಕ್ಕೆ ಹಾಕಿದ. ಆದರೆ ಬಿತ್ತನೆಗೆ ಬಳಸಿದ್ದು ಹಿಂದಿನ ವರ್ಷದ ತನ್ನದೇ ಗೆಡ್ಡೆ! ಬಾಡದೆ ಉಳಿದ ಗಿಡದ್ದು ಅಂತ ಅವನ ಧೈರ್ಯ. ಆ ರೋಗ ಗೆಡ್ಡೆಯ ಜೊತೆಗೂ ಪ್ರಯಾಣ ಮಾಡುತ್ತೆ ಅಂತ ಹೇಳೋಕೆ ಏಪ್ರಿಲ್ ತಿಂಗಳಲ್ಲಿ ಊರಲ್ಲಿ ಯಾರೂ ಇರಲಿಲ್ಲ. ಮಳೆ ಹಿಡಿದ ಮೇಲೆ ಹೊಸ ಹೊಲವೂ ಬಾಡಿತು.

ಅದೇ ವರ್ಷ ಮುಂಗಾರು ಮುಗಿಯೋ ಹೊತ್ತಿಗೆ ಹೊಸ ತಂಡ ಬಂತು. ಅದೇ ಶಾಲೆ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದ್ರು. ಅದೇ ಕೆರೆ, ಅದೇ ದೇವಸ್ಥಾನ. ಎಷ್ಟು ಎಕರೆ, ಎಷ್ಟು ದನ, ಯಾವ ಬೆಳೆ, ಅದೇ ಪ್ರಶ್ನೆ. ಹಿಂದಿನವರು ಬರೆದ ವರದಿಯನ್ನ ಇವರು ನೋಡಿರಲಿಲ್ಲ. ಚಿಕ್ಕಪ್ಪ ನನಗೆ ಫೋನಲ್ಲಿ ಹೇಳಿದ್ದು: "ಮಕ್ಳು ಚೆಂದಾಗವ್ರೆ ಕಣ್ಮಗ. ಆದ್ರೆ ಹೋದ್ವರ್ಸ ಹೇಳಿದ್ನೇ ಈ ವರ್ಸಾನೂ ಹೇಳ್ಬೇಕು. ನಂಗೆ ಅವ್ರೇ ಮೇಷ್ಟ್ರೋ, ಅವ್ರಿಗೆ ನಾನೇ ಮೇಷ್ಟ್ರೋ ಗೊತ್ತಾಯ್ತಿಲ್ಲ."

ಈ ಮಾತನ್ನ ನಾನು ಎಷ್ಟೋ ಸಲ ಮನಸ್ಸಲ್ಲೇ ತಿರುಗಿಸಿ ನೋಡಿದ್ದೀನಿ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಬ್ಬ ಬಿಟ್ಟು ಹೋಗುವಾಗ ಮುಂದಿನವನಿಗೆ ಎಲ್ಲ ಒಪ್ಪಿಸಿ ಹೋಗಬೇಕು. ಎಲ್ಲಿ ಏನು ಕೆಟ್ಟಿದೆ, ಏನು ಸರಿ ಮಾಡಿದ್ದೀನಿ, ಏನು ಬಾಕಿ ಇದೆ. ಯಾವನೋ ಬಳಸೋ ಒಂದು ಆಪ್‌ಗೆ ಇಷ್ಟು ಶಿಸ್ತು ಇರುವಾಗ ಒಬ್ಬ ರೈತನ ಮುಕ್ಕಾಲು ಎಕರೆಗೆ ಯಾಕಿಲ್ಲ?

ಕಾಲದ ಲೆಕ್ಕವನ್ನೂ ನೋಡಿ. ನಮ್ಮ ಕಡೆ ಹೊಗೆಸೊಪ್ಪಿನ ಸಸಿಮಡಿ ಬೇಸಿಗೆಯಲ್ಲಿ, ನಾಟಿ ಮೇ ಆಸುಪಾಸು. ಎಲೆ ಮುರಿದು ಬ್ಯಾರನ್‌ನಲ್ಲಿ ಬೇಯಿಸಿ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಹರಾಜು ಮಾರುಕಟ್ಟೆ. ಬೀಜ ಯಾವುದು, ಗೊಬ್ಬರ ಎಷ್ಟು, ಸಾಲ ಎಷ್ಟು ಅನ್ನೋ ತೀರ್ಮಾನ ಎಲ್ಲ ಮುಗಿದ ಮೇಲೆ ವಿದ್ಯಾರ್ಥಿಗಳು ಊರಿಗೆ ಕಾಲಿಡ್ತಾರೆ. ಬಂದು ಬೀಜೋಪಚಾರದ ಪ್ರಾತ್ಯಕ್ಷಿಕೆ ಕೊಡ್ತಾರೆ! ಮದುವೆ ಮುಗಿದ ಮೇಲೆ ಜಾತಕ ನೋಡಿದ ಹಾಗೆ.

ಬರೀ ಬಯ್ದು ಹೋಗೋದು ಸುಲಭ. ನನಗೆ ತೋಚಿದ್ದನ್ನ ಹೇಳ್ತೀನಿ, ನೀವೂ ಬಯ್ಯಿರಿ :-)

ಒಂದು. ಒಂದು ಊರಿಗೆ ಕನಿಷ್ಠ ಮೂರು ವರ್ಷ ಸತತವಾಗಿ ತಂಡ ಬರಲಿ. ಹೊಸ ತಂಡ ಹಳೇ ತಂಡದ ವರದಿ ಓದಿಕೊಂಡೇ ಬಸ್ ಹತ್ತಲಿ. ಊರಿಗೆ ಇಳಿದು ಕೇಳೋ ಮೊದಲ ಪ್ರಶ್ನೆ 'ಎಷ್ಟು ಎಕರೆ' ಅಂತಲ್ಲ, 'ಹೋದ ವರ್ಷ ನಮ್ಮವರು ಹೇಳಿದ್ದು ಏನಾಯ್ತು' ಅಂತ ಇರಲಿ.

ಎರಡು. ಹುಡುಗರು ಬರೋಕಾಗದಿದ್ರೂ ಬಿತ್ತನೆಗೆ ಮುಂಚೆ ಮಾರ್ಗದರ್ಶಕ ಮೇಷ್ಟ್ರು ಒಂದು ದಿನ ಬಂದು ಹೋಗಲಿ. ಒಂದೇ ದಿನ ಸಾಕು. ಚಿಕ್ಕಪ್ಪನ ಗೆಡ್ಡೆ ವಿಷಯ ಅಷ್ಟರಲ್ಲೇ ಮುಗಿಯೋದು.

ಮೂರು. ಅಂಕ ಕೊಡೋದರಲ್ಲಿ ರೈತನಿಗೂ ಪಾಲಿರಲಿ. ಈ ಹುಡುಗ ಹೊಲಕ್ಕೆ ಬಂದನಾ, ಫೋಟೋ ತೆಗೆಸಿಕೊಳ್ಳೋಕೆ ಬಂದನಾ ಅನ್ನೋದು ರೈತನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.

ನಾಲ್ಕು. ಸಮಾರೋಪದಲ್ಲಿ ಒಬ್ಬೊಬ್ಬರೂ ಒಂದೇ ವಿಷಯ ಹೇಳಲಿ: ನನಗೆ ಇಂಥ ಮೇಷ್ಟ್ರು ಇಂಥದ್ದನ್ನ ಕಲಿಸಿದ್ರು, ಅದು ಇಂಥವರ ಹೊಲದಲ್ಲಿ ಹೀಗೆ ಕೆಲಸಕ್ಕೆ ಬಂತು, ಅಥವಾ ಬರಲಿಲ್ಲ. 'ಬರಲಿಲ್ಲ' ಅನ್ನೋದನ್ನ ಹೇಳೋ ಧೈರ್ಯ ಕೊಟ್ಟ ಮೇಷ್ಟ್ರೇ ನನ್ನ ಪ್ರಕಾರ ದೊಡ್ಡ ಮೇಷ್ಟ್ರು.

ಮೇಷ್ಟ್ರುಗಳ ಕಷ್ಟ ನನಗೆ ಅರ್ಥ ಆಗೋಲ್ಲ ಅಂತಲ್ಲ. ಬಡ್ತಿಗೆ ಲೆಕ್ಕಕ್ಕೆ ಬರೋದು ಬರೆದ ಪೇಪರು, ಹಳ್ಳಿಯ ಹೊಲದಲ್ಲಿ ನಿಂತ ಗಂಟೆಗಳಲ್ಲ. ಹಳ್ಳಿಗೆ ಬಂದ ಮೇಷ್ಟ್ರ ಕೆಲಸವನ್ನ ಯಾರೂ ಎಣಿಸದೇ ಇದ್ದಾಗ ಅವರು ಬರ್ತಾರೆ ಅಂತ ನಿರೀಕ್ಷಿಸೋದು ಹೇಗೆ? ಅದಕ್ಕೇ ಹೇಳಿದ್ದು, ವಿದ್ಯಾರ್ಥಿಗಳು ವೇದಿಕೆಯಲ್ಲಿ ನಿಂತು ಅದನ್ನ ಎಣಿಸಲಿ ಅಂತ. ಅವರಲ್ಲದೆ ಇನ್ಯಾರು ಎಣಿಸ್ತಾರೆ?

'ಅಗ್ರಿ ಓದಿ ಎಲ್ಲರೂ ಬ್ಯಾಂಕ್ ಪರೀಕ್ಷೆ ಬರೀತಾರೆ, ಇದೆಲ್ಲ ಯಾಕೆ' ಅಂತ ಕೆಲವರು ಮೂಗು ಮುರಿಯೋದುಂಟು. ನನಗೆ ಅದರ ಮೇಲೆ ತಕರಾರಿಲ್ಲ. ಸಿಇಟಿಯಲ್ಲಿ ಕೃಷಿಕರ ಕೋಟಾಕ್ಕೆ ಬೀಜ, ಉಪಕರಣ ಗುರುತಿಸೋ ಪ್ರಾಯೋಗಿಕ ಪರೀಕ್ಷೆ ಬರೆದು ಒಳಗೆ ಬಂದ ರೈತನ ಮಗ ಬ್ಯಾಂಕಿನ ಕೃಷಿ ಅಧಿಕಾರಿ ಆಗಿ ಕೂತರೆ, ಎದುರು ಕೂತ ರೈತನ ಮಾತು ಅವನಿಗಾದರೂ ಅರ್ಥ ಆಗುತ್ತೆ. ಅಷ್ಟಕ್ಕೂ ಹೊಲ ಬಿಟ್ಟು ಬಂದು ಬೆಂಗಳೂರಿನ ಎಸಿ ರೂಮಲ್ಲಿ ಕೂತು ಇದನ್ನ ಟೈಪ್ ಮಾಡ್ತಿರೋ ನನಗೆ ಇನ್ನೊಬ್ಬರ ಕೆಲಸದ ಬಗ್ಗೆ ಮಾತಾಡೋ ಹಕ್ಕೇ ಇಲ್ಲ. ಮುಕ್ಕಾಲು ಎಕರೆ ಬಾಡ್ತಿರುವಾಗ ನಾನು ಮಾಡಿದ ಕೆಲಸ ಅಂದ್ರೆ ಒಂದು ಲೋಟ ನೀರು ತಂದುಕೊಟ್ಟಿದ್ದು ಮಾತ್ರ.

ಆದರೆ ಆ ಲೋಟ ನೋಡಿದ್ದೀನಲ್ಲ, ಅದಕ್ಕೇ ಕೇಳ್ತಿದ್ದೀನಿ. ನಾವೂ ಶಿಕ್ಷಕರ ದಿನ ಬಂತು ಅಂದ್ರೆ 'ಅಕ್ಷರ ಕಲಿಸಿದ ದೇವರು' ಅಂತ ಒಂದು ಪುಟ ಬರೆದು ಹಾಕ್ತೀವಿ. ಈ ಸಲ ಹಾಗೆ ಬರೆಯೋದು ಬೇಡ. ನಿಮ್ಮ ಒಬ್ಬ ಮೇಷ್ಟ್ರು ಕಲಿಸಿದ ಒಂದೇ ಒಂದು ವಿಷಯ ಬರೀರಿ, ಅದು ಎಲ್ಲಿ ಕೆಲಸಕ್ಕೆ ಬಂತು ಬರೀರಿ, ಆಮೇಲೆ ಅವರಿಗೆ ಒಂದು ಫೋನ್ ಮಾಡಿ ಹೇಳಿ.

ನಾನು ಮಾಡಿದೆ. ಬಿಳಿಕೆರೆಯಲ್ಲಿ ಹೈಸ್ಕೂಲು ಓದುವಾಗ ಗಣಿತ ಹೇಳಿಕೊಟ್ಟ ಮೇಷ್ಟ್ರಿಗೆ. ಲೆಕ್ಕ ಮುಗಿದ ಮೇಲೆ ಉತ್ತರವನ್ನ ಮತ್ತೆ ಪ್ರಶ್ನೆಗೆ ಹಾಕಿ ನೋಡು ಅಂತ ಅವರು ಕಲಿಸಿದ್ದು, ನಾನು ಬರೆದ ಕೋಡ್ ತಾಳೆ ನೋಡುವಾಗ ದಿನಾ ನೆನಪಾಗುತ್ತೆ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಕೇಳಿದ್ರು, "ಅದನ್ನ ನಾನು ಹೇಳಿಕೊಟ್ಟಿದ್ನಾ?"

ಅವರಿಗೆ ಗೊತ್ತೇ ಇರಲಿಲ್ಲ!