ಕಾರ್ಬನ್ ಫೈಬರ್ ಸೈಕಲ್: ಹಗುರವೊಂದೇ ಗುಣವೆ?

ನಡುವಯಸ್ಸಿನಲ್ಲಿ ವೈದ್ಯರ ಸಲಹೆಯಂತೆ ಸೈಕಲ್ ಏರಹೊರಟ ಮಹಾನಗರವಾಸಿಯನ್ನು ಅಂಗಡಿಯಲ್ಲಿ ಸೆಳೆಯುವುದು ಕಾರ್ಬನ್ ಫೈಬರ್ ಚೌಕಟ್ಟು. ಎರಡು ಬೆರಳುಗಳಿಂದ ಎತ್ತಬಹುದಾದ ಅದರ ಹಗುರಕ್ಕೆ ಮನಸೋಲದವರು ವಿರಳ.

ಅದರ ಗುಣಗಳನ್ನು ಅಲ್ಲಗಳೆಯಲಾಗದು. ಕೂದಲಿಗಿಂತ ತೆಳುವಾದ ಇಂಗಾಲದ ಎಳೆಗಳನ್ನು ಎಪಾಕ್ಸಿ ರಾಳದಲ್ಲಿ ಪದರಪದರವಾಗಿ ಬಂಧಿಸಿ ಇದನ್ನು ರೂಪಿಸುತ್ತಾರೆ. ಸಾಂದ್ರತೆ ಉಕ್ಕಿನ ಸುಮಾರು ಐದರಲ್ಲೊಂದು ಭಾಗ. ಎಳೆಗಳ ದಿಕ್ಕು ಬದಲಿಸಿ ಬೇಕಾದಲ್ಲಿ ಬಿಗಿಯನ್ನೂ ಬೇಕಾದಲ್ಲಿ ಬಳುಕನ್ನೂ ತರಬಹುದು. ತುಕ್ಕಿನ ಭಯವಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನದ ಪದಕ ಗೆದ್ದದ್ದು ಇಂತಹ ಸೈಕಲ್ಲಿನ ಮೇಲೆಯೇ.

ಆದರೆ ದೋಷಗಳೂ ಅಲ್ಪವಲ್ಲ. ಪೆಟ್ಟು ಬಿದ್ದರೆ ಉಕ್ಕು ಸಾಮಾನ್ಯವಾಗಿ ಬಾಗಿ ಮುನ್ಸೂಚನೆ ನೀಡುತ್ತದೆ. ಕಾರ್ಬನ್ ಫೈಬರಿನಲ್ಲಿ ಬಣ್ಣದ ಹೊದಿಕೆಯ ಕೆಳಗೆ ಪದರಗಳು ಬಿಟ್ಟುಕೊಂಡರೂ ಕಣ್ಣಿಗೆ ಕಾಣದೆ, ಮುಂದೊಮ್ಮೆ ಹಠಾತ್ತನೆ ಮುರಿಯಬಹುದು. ವಸತಿ ಸಮುಚ್ಚಯದಲ್ಲಿ ಪಕ್ಕದ ಸ್ಕೂಟರು ಉರುಳಿ ತಗುಲಿದರೂ, ಆಸನದ ತಿರುಪನ್ನು ಅತಿಯಾಗಿ ಬಿಗಿದರೂ ಈ ಅಪಾಯ ತಪ್ಪಿದ್ದಲ್ಲ. ಉಕ್ಕನ್ನು ಬೀದಿಯ ಬೆಸುಗೆಗಾರನೂ ಸರಿಪಡಿಸಬಲ್ಲ. ಇದಕ್ಕೆ ನುರಿತ ತಜ್ಞನೇ ಬೇಕು.

ಕ್ಷಣಗಳನ್ನೆಣಿಸುವ ಸ್ಪರ್ಧಾಳುವಿಗೆ ಈ ವೆಚ್ಚ ಸಾರ್ಥಕ. ಆದರೆ 75 ಕಿಲೋಗ್ರಾಂ ತೂಗುವ ಸವಾರನಿಗೆ ಚೌಕಟ್ಟಿನಲ್ಲಿ ಉಳಿಯುವ ಒಂದು ಕಿಲೋಗ್ರಾಂ ಒಟ್ಟು ಭಾರದ ನೂರರಲ್ಲೊಂದು ಪಾಲು ಮಾತ್ರ. ಅಷ್ಟನ್ನು ಸೊಂಟದಿಂದಲೇ ಇಳಿಸಿದರೆ ಖರ್ಚಿಲ್ಲ, ಲಾಭವೂ ಅಧಿಕ. ವ್ಯಾಯಾಮ ದೊರೆಯುವುದು ತುಳಿಯುವ ಕಾಲಿನಿಂದಲೇ ಹೊರತು ಚೌಕಟ್ಟಿನಿಂದಲ್ಲ. ಮಳೆಗಾಲದಲ್ಲಿ ಹೊಂಡ ಬೀಳುವ ಮುಂಬಯಿ, ಪುಣೆಗಳ ರಸ್ತೆಗಳಿಗೆ ಗಟ್ಟಿಯಾದ ಉಕ್ಕಿನ ಸೈಕಲ್ಲೇ ಲೇಸು. ಉಳಿದ ಹಣದಲ್ಲಿ ಒಳ್ಳೆಯ ಶಿರಸ್ತ್ರಾಣವನ್ನೂ ದೀಪವನ್ನೂ ಕೊಳ್ಳುವುದು ವಿವೇಕ.